ಹಳೆಯ ಅಂಕಗಳು, ಹೊಸ ಅರ್ಜಿ



ಡಿಗ್ರಿಯ ಕೊನೆಯ ಸೆಮಿಸ್ಟರ್ ಮುಗಿಯುವ ಹೊತ್ತಿಗೆ ನಾರಾಯಣಪೇಟೆ, ಮಕ್ತಲ್, ಗದ್ವಾಲ್ ಕಡೆಯ ನಮ್ಮ ಮನೆಗಳಲ್ಲಿ ಒಂದೇ ಪ್ರಶ್ನೆ ಕೇಳಿಬರುತ್ತದೆ: "ಮುಂದೇನು?" ಒಳ್ಳೆಯ ಅಂಕ ಪಡೆದ ಮಕ್ಕಳು ಈ ಪ್ರಶ್ನೆಗೆ ಧೈರ್ಯವಾಗಿ ಉತ್ತರ ಕೊಡುತ್ತಾರೆ. ಆದರೆ ಪ್ರತಿ ಧರ್ಮಕೇಂದ್ರದಲ್ಲಿಯೂ ಇನ್ನು ಕೆಲವು ಮಕ್ಕಳಿದ್ದಾರೆ. ಅವರಿಗೂ ಎಂ.ಎ., ಎಂ.ಎಸ್ಸಿ., ಎಂ.ಬಿ.ಎ. ಓದುವ ಆಸೆ ಇದೆ. ಆದರೆ ಮೊದಲ ವರ್ಷದ ಮೆಮೊದಲ್ಲಿರುವ ಅಂಕಗಳನ್ನು ನೆನೆದು ಅರ್ಜಿ ಹಾಕಲು ಹಿಂಜರಿಯುತ್ತಾರೆ. "ಫಾದರ್, ಈ ಮೆಮೊ ನೋಡಿದರೆ ಯಾರು ಸೀಟು ಕೊಡುತ್ತಾರೆ?" ಎಂದು ಕೇಳುತ್ತಾರೆ. ಈ ತಿಂಗಳ ನಮ್ಮ ಮಾತು ಅಂಥ ಮಕ್ಕಳಿಗಾಗಿ ಮತ್ತು ಅವರ ತಂದೆತಾಯಿಗಳಿಗಾಗಿ.

ಮೊದಲು ನಮ್ಮ ಭಾಗದ ಒಂದು ಸಂಗತಿಯನ್ನು ಅರಿತುಕೊಳ್ಳೋಣ. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆ ಆದಾಗ ರಾಯಚೂರು ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಅಲ್ಲಿಯವರೆಗೆ ಅದೇ ಜಿಲ್ಲೆಯಲ್ಲಿದ್ದ ಗದ್ವಾಲ್ ಮತ್ತು ಆಲಂಪುರ ತಾಲ್ಲೂಕುಗಳು ಆಂಧ್ರದ ಕಡೆ ಉಳಿದವು. ಮುಂದೆ 2016ರಲ್ಲಿ ಜೋಗುಳಾಂಬ ಗದ್ವಾಲ್ ಜಿಲ್ಲೆಯೂ 2019ರಲ್ಲಿ ನಾರಾಯಣಪೇಟೆ ಜಿಲ್ಲೆಯೂ ಆದವು. ಗಡಿ ಬದಲಾಯಿತು, ಜಿಲ್ಲೆಯ ಹೆಸರು ಬದಲಾಯಿತು, ಆದರೆ ಅಡುಗೆಮನೆಯ ಮಾತು ಬದಲಾಗಲಿಲ್ಲ. ಕೃಷ್ಣಾ ನದಿಯ ದಂಡೆಯ ಎಷ್ಟೋ ಊರುಗಳಲ್ಲಿ ಇಂದಿಗೂ ಮಗು ಅವ್ವನೊಡನೆ ಕನ್ನಡ ಆಡುತ್ತದೆ, ಸಂತೆಯಲ್ಲಿ ತೆಲುಗು ಆಡುತ್ತದೆ, ಕಾಲೇಜಿನಲ್ಲಿ ಇಂಗ್ಲಿಷ್ ಪುಸ್ತಕ ಬಿಚ್ಚುತ್ತದೆ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ಮಗು ಇಂಟರ್‌ಗೆ ಬಂದಾಗ ಪಾಠವನ್ನು ಕಲಿಯುವುದರ ಜೊತೆಗೆ ಪಾಠದ ಭಾಷೆಯನ್ನೂ ಕಲಿಯಬೇಕಾಗುತ್ತದೆ. ಮೊದಲ ಎರಡು ಮೂರು ವರ್ಷ ಅಂಕ ಇಳಿಯುವುದರಲ್ಲಿ ಆಶ್ಚರ್ಯವೇನಿದೆ?

ಇನ್ನು ಕೆಲವರ ಮನೆಯಲ್ಲಿ ಕಾಯಿಲೆ, ಕೆಲವರ ಮನೆಯಲ್ಲಿ ಮಗ್ಗದ ಕೆಲಸ, ಕೆಲವರಿಗೆ ಹತ್ತಿಯ ಕಾಲದಲ್ಲಿ ಹೊಲದ ಕೆಲಸ. ನಿಜ ಹೇಳಬೇಕೆಂದರೆ ಕೆಲವರಿಗೆ ಮೊಬೈಲ್, ಗೆಳೆಯರು, ಸೋಮಾರಿತನ. ಅಂಕ ಕಡಿಮೆಯಾಗಲು ನೂರು ಕಾರಣಗಳಿರುತ್ತವೆ. ಆದರೆ ಒಂದು ಮಾತನ್ನು ನಾವು ಸ್ಪಷ್ಟವಾಗಿ ಹೇಳಬೇಕು. ಅಂಕ ಕಡಿಮೆ ಬರುವುದು ಪಾಪವಲ್ಲ. ದೇವರು ನಮ್ಮನ್ನು ಮೆಮೊ ನೋಡಿ ಕರೆಯುವುದಿಲ್ಲ.

ಇದನ್ನು ಒತ್ತಿ ಹೇಳಲು ಕಾರಣವಿದೆ. 2019ರ ಏಪ್ರಿಲ್‌ನಲ್ಲಿ ತೆಲಂಗಾಣದ ಇಂಟರ್‌ಮೀಡಿಯಟ್ ಫಲಿತಾಂಶ ಬಂದಾಗ ಏನಾಯಿತೆಂಬುದು ನಮ್ಮಲ್ಲಿ ಅನೇಕರಿಗೆ ನೆನಪಿದೆ. ಫಲಿತಾಂಶದ ನಂತರದ ದಿನಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಕ್ಕಳು ಪ್ರಾಣ ಕಳೆದುಕೊಂಡರು. ಮೌಲ್ಯಮಾಪನದಲ್ಲಿಯೇ ತಪ್ಪುಗಳಾಗಿದ್ದವೆಂದು ಆಮೇಲೆ ಹೊರಬಂತು. ತೆಲುಗು ಪತ್ರಿಕೆಯಲ್ಲಿ ಸೊನ್ನೆ ಬಂದಿದೆಯೆಂದು ತೋರಿಸಲಾಗಿದ್ದ ಒಬ್ಬ ವಿದ್ಯಾರ್ಥಿನಿಗೆ ನಿಜವಾಗಿ ಬಂದದ್ದು 99. ಆದ್ದರಿಂದ ಅಂಕ ತೀರಾ ಅನಿರೀಕ್ಷಿತವಾಗಿದ್ದರೆ ಮೊದಲು ಮರುಎಣಿಕೆಗೋ ಮರುಮೌಲ್ಯಮಾಪನಕ್ಕೋ ಗಡುವಿನೊಳಗೆ ಅರ್ಜಿ ಹಾಕಿ. ಮನಸ್ಸು ಕುಗ್ಗಿ ಕತ್ತಲೆ ಕವಿದಂತಾದರೆ 14416 ಎಂಬ ಟೆಲಿ-ಮಾನಸ್ ಸಂಖ್ಯೆಗೆ ಕರೆ ಮಾಡಿ. ಅದು ಸರ್ಕಾರದ ಉಚಿತ ಸೇವೆ. ಗುರುಗಳ ಮನೆಯ ಬಾಗಿಲನ್ನೂ ಯಾವ ಹೊತ್ತಿನಲ್ಲಾದರೂ ತಟ್ಟಿ.

ಈಗ ಅರ್ಜಿಯ ವಿಷಯಕ್ಕೆ ಬರೋಣ. ಅರ್ಜಿಗಳೆಲ್ಲ ಒಂದೇ ಬಗೆಯವಲ್ಲ. ಇದನ್ನು ತಿಳಿಯದೆ ನಮ್ಮ ಮಕ್ಕಳು ಸುಮ್ಮನೆ ಹೆದರುತ್ತಾರೆ, ಇಲ್ಲವೆ ಸುಮ್ಮನೆ ಹಣ ಕಳೆಯುತ್ತಾರೆ.

ಮೊದಲನೆಯ ಬಗೆಯಲ್ಲಿ ಪ್ರವೇಶ ಪರೀಕ್ಷೆಯ ರ್‍ಯಾಂಕೇ ಮುಖ್ಯ. ಮಹಬೂಬ್‌ನಗರದ ಪಾಲಮೂರು ವಿಶ್ವವಿದ್ಯಾಲಯ 2008ರಲ್ಲಿ ಆರಂಭವಾಯಿತು. ಅಲ್ಲಿಗೂ ಉಸ್ಮಾನಿಯಾ ಮೊದಲಾದ ರಾಜ್ಯದ ಇತರ ವಿಶ್ವವಿದ್ಯಾಲಯಗಳಿಗೂ ಎಂ.ಎ., ಎಂ.ಎಸ್ಸಿ., ಎಂ.ಕಾಂ. ಸೇರಲು ಸಿಪಿಗೆಟ್ ಪರೀಕ್ಷೆ ಇದೆ. ನಿಗದಿತ ಕನಿಷ್ಠ ಅರ್ಹತೆ ಇದ್ದರೆ ಮುಂದೆ ಕೆಲಸ ಮಾಡುವುದು ರ್‍ಯಾಂಕ್. ಮೊದಲ ಸೆಮಿಸ್ಟರ್‌ನಲ್ಲಿ ಎಷ್ಟು ಬಂತು, ಏಕೆ ಕಡಿಮೆ ಬಂತು ಎಂದು ಅಲ್ಲಿ ಯಾರೂ ಕೇಳುವುದಿಲ್ಲ. ಇಂಜಿನಿಯರಿಂಗ್ ಮಕ್ಕಳಿಗೆ ಗೇಟ್ ಪರೀಕ್ಷೆಯೂ ಹೀಗೆಯೇ. ಅದನ್ನು ಬರೆಯಲು ಕನಿಷ್ಠ ಅಂಕದ ಷರತ್ತಿಲ್ಲ, ಬಂದ ಸ್ಕೋರ್ ಮೂರು ವರ್ಷ ನಡೆಯುತ್ತದೆ. ಇಂಥ ಕಡೆ ಹಳೆಯ ಅಂಕದ ಚಿಂತೆಯನ್ನು ಬದಿಗಿಟ್ಟು ಪರೀಕ್ಷೆಗೆ ಕುಳಿತುಕೊಳ್ಳುವುದೇ ಸರಿ.

ಎರಡನೆಯ ಬಗೆಯಲ್ಲಿ ಕನಿಷ್ಠ ಅಂಕದ ಗೆರೆ ಇರುತ್ತದೆ. ಎಂ.ಬಿ.ಎ., ಎಂ.ಸಿ.ಎ. ಸೇರಲು ಡಿಗ್ರಿಯಲ್ಲಿ ಶೇಕಡ 50, ಮೀಸಲಾತಿ ವರ್ಗದವರಿಗೆ ಶೇಕಡ 45 ಬೇಕು. ಯು.ಜಿ.ಸಿ.ಯ 2022ರ ನಿಯಮದಂತೆ ಪಿಎಚ್.ಡಿ.ಗೆ ಸ್ನಾತಕೋತ್ತರ ಪದವಿಯಲ್ಲಿ ಶೇಕಡ 55 ಇರಬೇಕು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಹಿಂದುಳಿದ ವರ್ಗ, ಅಂಗವಿಕಲರು ಮೊದಲಾದವರಿಗೆ ಶೇಕಡ 5ರ ವಿನಾಯಿತಿ ಇದೆ. ಈ ವಿನಾಯಿತಿಯ ಮಾತನ್ನು ನಮ್ಮ ಕುಟುಂಬಗಳು ಗಮನಿಸಬೇಕು. ಪರಿಶಿಷ್ಟ ಜಾತಿಯಿಂದ ಕ್ರೈಸ್ತರಾದ ಕುಟುಂಬಗಳನ್ನು ತೆಲಂಗಾಣದಲ್ಲಿ ಬಿ.ಸಿ.-ಸಿ ಗುಂಪಿನಲ್ಲಿ ಸೇರಿಸಲಾಗಿದೆ. ಆ ಪ್ರಮಾಣಪತ್ರವನ್ನು ಅರ್ಜಿಯ ಕೊನೆಯ ದಿನ ಹುಡುಕುವ ಬದಲು ಇಂದೇ ಸಿದ್ಧ ಮಾಡಿಸಿಕೊಳ್ಳಿ. ಒಂದು ಅಂಕದ ಅಂತರದಲ್ಲಿ ಬಾಗಿಲು ಮುಚ್ಚಿದಾಗ ಆ ಕಾಗದವೇ ಕೈಹಿಡಿಯಬಹುದು.

ಗೆರೆ ಇರುವ ಕಡೆ ಎಷ್ಟು ಚೆಂದದ ಪತ್ರ ಬರೆದರೂ ಪ್ರಯೋಜನವಿಲ್ಲ. ವಿದೇಶದ ಒಂದು ಉದಾಹರಣೆ ನೋಡೋಣ. ಜರ್ಮನಿಯ ಅನೇಕ ವಿಶ್ವವಿದ್ಯಾಲಯಗಳು ನಮ್ಮ ಅಂಕವನ್ನು ತಮ್ಮ ಲೆಕ್ಕಕ್ಕೆ ಬದಲಾಯಿಸಿಕೊಳ್ಳುತ್ತವೆ. ಗರಿಷ್ಠ ಅಂಕದಿಂದ ನಮ್ಮ ಅಂಕವನ್ನು ಕಳೆಯುತ್ತಾರೆ. ಬಂದದ್ದನ್ನು ಗರಿಷ್ಠಕ್ಕೂ ತೇರ್ಗಡೆಯ ಅಂಕಕ್ಕೂ ಇರುವ ವ್ಯತ್ಯಾಸದಿಂದ ಭಾಗಿಸಿ, ಮೂರರಿಂದ ಗುಣಿಸಿ, ಒಂದನ್ನು ಕೂಡಿಸುತ್ತಾರೆ. ಅಲ್ಲಿ 1 ಎಂದರೆ ಅತ್ಯುತ್ತಮ, 4 ಎಂದರೆ ಕೇವಲ ತೇರ್ಗಡೆ. ಹತ್ತಕ್ಕೆ ನಾಲ್ಕು ತೇರ್ಗಡೆಯಾಗಿದ್ದು ನಮ್ಮ ಮಗುವಿಗೆ 6.7 ಬಂದಿದ್ದರೆ ಅದು 2.65 ಆಗುತ್ತದೆ. ಆ ಕೋರ್ಸಿಗೆ 2.5ರ ಗೆರೆ ಇದ್ದರೆ ಅರ್ಜಿ ಅಲ್ಲಿಗೇ ನಿಲ್ಲುತ್ತದೆ. 2.5 ಆಗಬೇಕಾದರೆ 7 ಬೇಕಿತ್ತು. ಈ ಸಣ್ಣ ಲೆಕ್ಕವನ್ನು ಮನೆಯಲ್ಲೇ ಮಾಡಿದರೆ ಅರ್ಜಿ ಶುಲ್ಕವೂ ಉಳಿಯುತ್ತದೆ, ಮನಸ್ಸಿನ ನೋವೂ ಉಳಿಯುತ್ತದೆ.

ಗೆರೆಯ ಕೆಳಗಿರುವವರಿಗೆ ದಾರಿ ಇಲ್ಲವೇ? ಇದೆ. ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯದ ಅನೇಕ ಎಂ.ಎ. ಕೋರ್ಸುಗಳಿಗೆ ಯಾವುದಾದರೂ ಡಿಗ್ರಿ ಇದ್ದರೆ ಸಾಕು. ಮನೆಯಲ್ಲಿದ್ದು, ಕೆಲಸ ಮಾಡುತ್ತಾ, ಅಲ್ಲಿ ಒಳ್ಳೆಯ ಅಂಕದಿಂದ ಎಂ.ಎ. ಮುಗಿಸಿದವರು ಮುಂದಿನ ಅರ್ಜಿಗೆ ಆ ಹೊಸ ಅಂಕವನ್ನು ಹಿಡಿದುಕೊಂಡು ಹೋಗಬಹುದು. ಡಿಗ್ರಿಯ ಅಂಕ ಹಿಂದಿನ ಪುಟವಾಗುತ್ತದೆ.

ಮೂರನೆಯ ಬಗೆಯಲ್ಲಿ ಮನುಷ್ಯರು ನಮ್ಮ ಅರ್ಜಿಯನ್ನು ಕೂತು ಓದುತ್ತಾರೆ, ಇಲ್ಲವೆ ಎದುರಿಗೆ ಕೂರಿಸಿ ಮಾತಾಡಿಸುತ್ತಾರೆ. ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದಂಥ ಕಡೆ ಪರೀಕ್ಷೆಯ ಜೊತೆ ಸಂದರ್ಶನವಿದೆ. ಪಿಎಚ್.ಡಿ.ಗೆ ಸಂದರ್ಶನ ಇದ್ದೇ ಇರುತ್ತದೆ. ಅಮೆರಿಕ, ಇಂಗ್ಲೆಂಡ್, ಕೆನಡಾದ ವಿಶ್ವವಿದ್ಯಾಲಯಗಳು ಉದ್ದೇಶಪತ್ರವನ್ನೂ ಅಧ್ಯಾಪಕರ ಶಿಫಾರಸು ಪತ್ರಗಳನ್ನೂ ಕೇಳುತ್ತವೆ. ಇಲ್ಲಿ ಮಾತ್ರ "ಅಂಕ ಏಕೆ ಕಡಿಮೆ?" ಎಂಬ ಪ್ರಶ್ನೆಗೆ ಉತ್ತರ ಬೇಕು. ಆ ಉತ್ತರವನ್ನು ಹೇಗೆ ಕೊಡುವುದು ಎನ್ನುವುದೇ ಈ ಲೇಖನದ ಮುಖ್ಯ ವಿಷಯ.

ಪಾಪನಿವೇದನೆಯ ಪೀಠದಲ್ಲಿ ಕುಳಿತುಕೊಳ್ಳುವ ಗುರುಗಳಿಗೆ ಒಂದು ಅನುಭವವಿರುತ್ತದೆ. ಅಲ್ಲಿ ಯಾರು ಏನು ಹೇಳಿದರು ಎನ್ನುವುದು ಎಂದಿಗೂ ಹೊರಗೆ ಬರುವ ಮಾತಲ್ಲ. ಆದರೆ ಮನುಷ್ಯರು ತಮ್ಮ ಹಿಂದಿನದನ್ನು ಹೇಳಿಕೊಳ್ಳುವ ಬಗೆಗಳು ಎಲ್ಲ ಕಡೆ ಒಂದೇ ಎಂಬುದು ಕ್ರಮೇಣ ತಿಳಿಯುತ್ತದೆ. ಕಡಿಮೆ ಅಂಕ ಪಾಪವಲ್ಲ ಎಂದು ಆಗಲೇ ಹೇಳಿದ್ದೇವೆ. ಆದರೂ ಅಂಕದ ಬಗ್ಗೆ ಬರೆಯುವಾಗ ನಮ್ಮ ಮಕ್ಕಳು ದಾರಿ ತಪ್ಪುವುದು ಅದೇ ಮೂರು ಕಡೆ.

ಮೊದಲನೆಯವರು ಮುಚ್ಚಿಡುತ್ತಾರೆ. ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂಬಂತೆ ಆ ಎರಡು ಸೆಮಿಸ್ಟರ್‌ಗಳು ನಡೆದೇ ಇಲ್ಲವೇನೋ ಎನ್ನುವ ಹಾಗೆ ಬರೆಯುತ್ತಾರೆ. ಆದರೆ ಮೆಮೊ ಅರ್ಜಿಯ ಜೊತೆಯಲ್ಲೇ ಇರುತ್ತದೆ. ಓದುವವರ ಕಣ್ಣು ಮೊದಲು ಹೋಗುವುದೇ ಅಲ್ಲಿಗೆ. ನಾವು ಹೇಳದೆ ಬಿಟ್ಟರೆ ಅವರೇ ಒಂದು ಕಾರಣ ಊಹಿಸಿಕೊಳ್ಳುತ್ತಾರೆ. ಆ ಊಹೆ ನಮಗೆ ಒಳ್ಳೆಯದಾಗಿರುವುದು ಅಪರೂಪ.

ಎರಡನೆಯವರು ದೂರುತ್ತಾರೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಕಾಲೇಜು ಸರಿಯಿರಲಿಲ್ಲ, ಲೆಕ್ಚರರ್ ಬರುತ್ತಿರಲಿಲ್ಲ, ಪೇಪರ್ ತಿದ್ದಿದವರು ಸರಿಯಿಲ್ಲ. ಅದರಲ್ಲಿ ಸ್ವಲ್ಪ ಸತ್ಯ ಇರಲೂಬಹುದು. ಆದರೆ ಪಾಪನಿವೇದನೆಗೆ ಬಂದು ಸೊಸೆಯ ಪಾಪ ಹೇಳುವ ಅತ್ತೆಯಂತೆ ಆಗುತ್ತದೆ ಅದು. ಓದುವವರಿಗೆ ಬೇಕಾದದ್ದು ಅರ್ಜಿದಾರರ ಕಥೆ, ಕಾಲೇಜಿನ ಕಥೆಯಲ್ಲ.

ಮೂರನೆಯವರು ತಮ್ಮನ್ನೇ ಜಜ್ಜಿಕೊಳ್ಳುತ್ತಾರೆ. "ನಾನು ದಡ್ಡ, ನಾನು ಅಯೋಗ್ಯ, ದಯವಿಟ್ಟು ಕ್ಷಮಿಸಿ, ಒಂದು ಅವಕಾಶ ಕೊಡಿ" ಎಂದು ಒಂದು ಪುಟ ಬರೆಯುತ್ತಾರೆ. ನಮ್ಮ ಮಕ್ಕಳು, ವಿಶೇಷವಾಗಿ ಬಡವರ ಮನೆಯ ಮಕ್ಕಳು, ಇದನ್ನು ವಿನಯ ಎಂದು ತಿಳಿಯುತ್ತಾರೆ. ಇದು ವಿನಯವಲ್ಲ. ವಿನಯವೆಂದರೆ ಇದ್ದದ್ದನ್ನು ಇದ್ದ ಹಾಗೆ ಹೇಳುವುದು. ಇಲ್ಲದ ದೊಡ್ಡತನವನ್ನು ಹೇಳುವುದು ಹೇಗೆ ಸುಳ್ಳೋ, ಇಲ್ಲದ ಸಣ್ಣತನವನ್ನು ಹೇಳುವುದೂ ಹಾಗೆಯೇ ಸುಳ್ಳು.

ಹಾಗಾದರೆ ಸರಿಯಾದ ದಾರಿ ಯಾವುದು? ಪ್ರೇಷಿತ ಪೌಲರನ್ನು ನೋಡಿ. ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದ ಹದಿನೈದನೆಯ ಅಧ್ಯಾಯದಲ್ಲಿ ಅವರು ತಮ್ಮ ಹಳೆಯ ಬಾಳಿನ ಮಾತೆತ್ತುತ್ತಾರೆ. ತಾವು ಧರ್ಮಸಭೆಯನ್ನು ಹಿಂಸಿಸಿದವರು, ಪ್ರೇಷಿತ ಎನಿಸಿಕೊಳ್ಳಲು ತಕ್ಕವರಲ್ಲ ಎಂದು ನೇರವಾಗಿ ಹೇಳುತ್ತಾರೆ. ಅದಕ್ಕೆ ಹಿಡಿಯುವುದು ಒಂದೇ ವಾಕ್ಯ. ಮರುವಾಕ್ಯದಲ್ಲಿ ದೇವರ ಕೃಪೆಯನ್ನು ನೆನೆಯುತ್ತಾರೆ. ಆ ಕೃಪೆ ವ್ಯರ್ಥವಾಗಲಿಲ್ಲ, ತಾವು ಎಲ್ಲರಿಗಿಂತ ಹೆಚ್ಚು ದುಡಿದೆವು ಎಂದೂ ಸಂಕೋಚವಿಲ್ಲದೆ ಹೇಳುತ್ತಾರೆ. ಅಲ್ಲಿಂದ ಮುಂದೆ ಪುನರುತ್ಥಾನದ ಬೋಧನೆಗೆ ಹೋಗುತ್ತಾರೆ. ಹಿಂದಿನದು ಇಷ್ಟು, ಸಿಕ್ಕ ನೆರವು ಇಷ್ಟು, ಮಾಡಿದ ದುಡಿಮೆ ಇಷ್ಟು, ಇನ್ನು ವಿಷಯಕ್ಕೆ ಬರೋಣ. ಅರ್ಜಿಯ ಪತ್ರಕ್ಕೂ ಇದಕ್ಕಿಂತ ಒಳ್ಳೆಯ ಮಾದರಿ ನಮಗೆ ಗೊತ್ತಿಲ್ಲ.

ಒಬ್ಬ ಹುಡುಗಿ ಇದ್ದಾಳೆ ಎಂದಿಟ್ಟುಕೊಳ್ಳೋಣ. ಕೃಷ್ಣಾ ಮಂಡಲದ ಒಂದು ಊರಿನವಳು. ಹತ್ತರವರೆಗೆ ಕನ್ನಡ ಮಾಧ್ಯಮ, ಮಕ್ತಲ್‌ನಲ್ಲಿ ಇಂಟರ್, ನಂತರ ಬಿ.ಎಸ್ಸಿ. ಆರು ಸೆಮಿಸ್ಟರ್‌ಗಳಲ್ಲಿ ಅವಳಿಗೆ ಬಂದದ್ದು ಕ್ರಮವಾಗಿ 5.2, 5.6, 6.8, 7.1, 7.6, 7.9. ಸರಾಸರಿ 6.7. ಆ ಒಂದು ಸಂಖ್ಯೆಯನ್ನು ನೋಡಿದವರಿಗೆ ಅವಳು ಸಾಧಾರಣ ವಿದ್ಯಾರ್ಥಿನಿ. ಆದರೆ ಕೊನೆಯ ನಾಲ್ಕು ಸೆಮಿಸ್ಟರ್‌ಗಳ ಸರಾಸರಿ 7.35, ಕೊನೆಯ ವರ್ಷದ್ದು 7.75. ಈ ಮಾತನ್ನು ಅವಳೇ ಹೇಳದಿದ್ದರೆ ಬೇರೆ ಯಾರು ಹೇಳುತ್ತಾರೆ? ಅವಳು ಹೀಗೆ ಬರೆಯಬಹುದು:

"ನನ್ನ ಮೊದಲ ಎರಡು ಸೆಮಿಸ್ಟರ್‌ಗಳ ಅಂಕ ಕಡಿಮೆ ಇದೆ. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿದ ನನಗೆ ಇಂಗ್ಲಿಷ್ ಪಾಠಗಳನ್ನು ಹಿಡಿಯುವುದು ಕಷ್ಟವಾಯಿತು, ನೆರವು ಕೇಳಲೂ ತಡಮಾಡಿದೆ. ಎರಡನೆಯ ವರ್ಷದಿಂದ ಪ್ರತಿದಿನದ ಪಾಠವನ್ನು ಇಂಗ್ಲಿಷಿನಲ್ಲಿ ಬರೆದು ಅಧ್ಯಾಪಕರಿಗೆ ತೋರಿಸತೊಡಗಿದೆ. ಉಳಿದ ನಾಲ್ಕು ಸೆಮಿಸ್ಟರ್‌ಗಳ ಸರಾಸರಿ 7.35. ನಾನು ಮುಂದೆ ಓದಬೇಕೆಂದಿರುವ ಸಸ್ಯಶಾಸ್ತ್ರದ ಪತ್ರಿಕೆಗಳೆಲ್ಲ ಈ ಅವಧಿಯವು."

ಇಷ್ಟೇ. ಐದು ವಾಕ್ಯ. ಇದರಲ್ಲಿ ಅಳು ಇಲ್ಲ, ದೂರು ಇಲ್ಲ, ಬಡಾಯಿ ಇಲ್ಲ. "ನೆರವು ಕೇಳಲೂ ತಡಮಾಡಿದೆ" ಎಂಬ ಮಾತಿನಲ್ಲಿ ತನ್ನ ಪಾಲಿನದನ್ನು ಒಪ್ಪಿಕೊಂಡಿದ್ದಾಳೆ. ಕಾರಣಕ್ಕೂ ನೆಪಕ್ಕೂ ಇರುವ ವ್ಯತ್ಯಾಸ ಇಲ್ಲಿಯೇ ಇದೆ. "ಮಾಧ್ಯಮ ಬದಲಾಯಿತು" ಎಂದು ಅಲ್ಲಿಗೇ ನಿಲ್ಲಿಸಿದರೆ ಅದು ನೆಪದಂತೆ ಕೇಳಿಸುತ್ತದೆ. ಆಮೇಲೆ ತಾನು ಏನು ಮಾಡಿದೆ ಎಂದು ಸೇರಿಸಿದಾಗ ಅದೇ ಮಾತು ಕಾರಣವಾಗುತ್ತದೆ. ಮನೆಯ ಕಾಯಿಲೆ, ಸಾವು, ಸಾಲ ಕಾರಣವಾಗಿದ್ದರೆ ಒಂದು ವಾಕ್ಯದಲ್ಲಿ ಹೇಳಿದರೆ ಸಾಕು. ಅಪ್ಪನ ಆಸ್ಪತ್ರೆಯ ಕಾಗದಗಳನ್ನೆಲ್ಲ ಬಿಚ್ಚಿಡಬೇಕಾಗಿಲ್ಲ. ಸೋಮಾರಿತನವೇ ಕಾರಣವಾಗಿದ್ದರೆ? ಆಗಲೂ ಸುಳ್ಳು ಕಾರಣ ಕಟ್ಟಬೇಡಿ. "ಮೊದಲ ವರ್ಷ ನಾನು ಓದಿಗೆ ಕೊಡಬೇಕಾದ ಗಮನ ಕೊಡಲಿಲ್ಲ" ಎಂದು ಬರೆದು ಮುಂದೆ ಹೋಗಿ. ಸತ್ತಿಲ್ಲದ ಅಜ್ಜಿಯನ್ನು ಅರ್ಜಿಗಾಗಿ ಸಾಯಿಸುವವರನ್ನು ಓದುವವರು ಬೇಗ ಗುರುತಿಸುತ್ತಾರೆ.

ಈ ಮಾತನ್ನು ಪತ್ರದ ಮೊದಲಲ್ಲೇ ಇಡಬೇಡಿ. ನಿಮಗೆ ಯಾವ ವಿಷಯದಲ್ಲಿ ಆಸಕ್ತಿ, ಈವರೆಗೆ ಏನು ಮಾಡಿದ್ದೀರಿ ಎಂಬುದು ಮೊದಲು ಬರಲಿ, ನಂತರ ಈ ನಾಲ್ಕೈದು ಸಾಲು, ಆಮೇಲೆ ಮುಂದಿನ ಗುರಿ. ಕೆಲವು ಅರ್ಜಿಗಳಲ್ಲಿ ಇದಕ್ಕೆ ಪ್ರತ್ಯೇಕ ಜಾಗವಿರುತ್ತದೆ. ಇದ್ದರೆ ಅಲ್ಲಿಯೇ ಬರೆಯಿರಿ. ಸಂದರ್ಶನದಲ್ಲಿ ಕೇಳಿದರೆ ಅರ್ಧ ನಿಮಿಷದಲ್ಲಿ ಇದನ್ನೇ ಹೇಳಿ, ತಲೆ ತಗ್ಗಿಸದೆ ಹೇಳಿ. ಮನೆಯಲ್ಲಿ ಅಕ್ಕನ ಎದುರೋ ಅಣ್ಣನ ಎದುರೋ ಹತ್ತು ಸಲ ಹೇಳಿ ಅಭ್ಯಾಸ ಮಾಡಿಕೊಳ್ಳಿ.

ಆದರೆ ಮಾತಿನಿಂದಲೇ ಎಲ್ಲವೂ ಆಗುವುದಿಲ್ಲ. ಪಾಪನಿವೇದನೆಯ ನಂತರ ಪ್ರಾಯಶ್ಚಿತ್ತವಿರುವಂತೆ ಇಲ್ಲಿಯೂ ಕೆಲಸವೊಂದು ಬೇಕು. ಗಣಿತಜ್ಞ ಶ್ರೀನಿವಾಸ ರಾಮಾನುಜನ್ ಅವರ ಬಾಳು ಇದಕ್ಕೆ ಸಾಕ್ಷಿ. ಕುಂಭಕೋಣದ ಕಾಲೇಜಿನಲ್ಲಿ ಗಣಿತವೊಂದನ್ನೇ ಹಿಡಿದು ಉಳಿದ ವಿಷಯಗಳಲ್ಲಿ ಹಿಂದೆ ಬಿದ್ದ ಅವರು ವಿದ್ಯಾರ್ಥಿವೇತನ ಕಳೆದುಕೊಂಡರು. ಮುಂದೆ ಮದ್ರಾಸಿನ ಪಚ್ಚಯ್ಯಪ್ಪ ಕಾಲೇಜಿಗೆ ಸೇರಿದರೂ ಎಫ್.ಎ. ಪರೀಕ್ಷೆಯಲ್ಲಿ ತೇರ್ಗಡೆಯಾಗಲಿಲ್ಲ. 1913ರ ಜನವರಿಯಲ್ಲಿ ಮದ್ರಾಸು ಬಂದರಿನ ಕಚೇರಿಯಲ್ಲಿ ಗುಮಾಸ್ತರಾಗಿದ್ದಾಗ ಅವರು ಕೇಂಬ್ರಿಜ್‌ನ ಹಾರ್ಡಿ ಎಂಬ ಗಣಿತಜ್ಞರಿಗೆ ಪತ್ರ ಬರೆದರು. ತಾವು ಸಣ್ಣ ಸಂಬಳದ ಗುಮಾಸ್ತ, ವಿಶ್ವವಿದ್ಯಾಲಯದ ಓದು ತಮಗಿಲ್ಲ ಎಂದು ಆರಂಭದಲ್ಲೇ ಚುಟುಕಾಗಿ ತಿಳಿಸಿದರು. ಉಳಿದ ಪುಟಗಳ ತುಂಬ ಇದ್ದದ್ದು ಅವರ ಗಣಿತ. ಅದೇ ವರ್ಷ ಮದ್ರಾಸು ವಿಶ್ವವಿದ್ಯಾಲಯ, ಡಿಗ್ರಿ ಇಲ್ಲದ ಅವರಿಗೆ ತಿಂಗಳಿಗೆ 75 ರೂಪಾಯಿಯ ಸಂಶೋಧನಾ ವೇತನ ಕೊಟ್ಟಿತು. 1916ರಲ್ಲಿ ಕೇಂಬ್ರಿಜ್ ಪದವಿ ಬಂತು, 1918ರಲ್ಲಿ ರಾಯಲ್ ಸೊಸೈಟಿಯ ಫೆಲೊ ಆದರು.

ನಮ್ಮ ಮಕ್ಕಳೆಲ್ಲ ರಾಮಾನುಜನ್ ಆಗಬೇಕೆಂದು ನಾವು ಹೇಳುತ್ತಿಲ್ಲ. ಅವರ ಪತ್ರದ ಅಳತೆಯನ್ನು ನೋಡಿ ಎನ್ನುತ್ತಿದ್ದೇವೆ. ಕೊರತೆಗೆ ಎರಡು ಸಾಲು, ಕೆಲಸಕ್ಕೆ ಪುಟಗಟ್ಟಲೆ. ಇಂದಿನ ಮಕ್ಕಳಿಗೆ ತೋರಿಸಲು ಕೆಲಸ ಎಲ್ಲಿಂದ ಬರಬೇಕು? ಸ್ವಯಂ ಎಂಬ ಕೇಂದ್ರ ಸರ್ಕಾರದ ವೇದಿಕೆ 2017ರಿಂದ ಇದೆ. ಅದರಲ್ಲಿ ಐ.ಐ.ಟಿ.ಗಳು ನಡೆಸುವ ಎನ್‌ಪಿಟಿಇಎಲ್ ಕೋರ್ಸುಗಳನ್ನು ಮನೆಯಿಂದಲೇ ಉಚಿತವಾಗಿ ಓದಬಹುದು. ಪ್ರಮಾಣಪತ್ರ ಬೇಕಾದವರು ಸುಮಾರು ಸಾವಿರ ರೂಪಾಯಿ ಕಟ್ಟಿ ಕೇಂದ್ರಕ್ಕೆ ಹೋಗಿ ಪರೀಕ್ಷೆ ಬರೆಯಬೇಕು. ಯಾವ ವಿಷಯದಲ್ಲಿ ಡಿಗ್ರಿಯ ಅಂಕ ಕಡಿಮೆಯೋ ಅದೇ ವಿಷಯದ ಕೋರ್ಸ್ ಆರಿಸಿಕೊಂಡು ಒಳ್ಳೆಯ ಅಂಕ ಪಡೆದರೆ ಅದು ಎಷ್ಟು ಬಲವಾದ ಉತ್ತರ! ಬ್ಯಾಕ್‌ಲಾಗ್ ಉಳಿದಿದ್ದರೆ ಮೊದಲು ಅದನ್ನು ಮುಗಿಸಿ. ನಿಮ್ಮ ವಿಶ್ವವಿದ್ಯಾಲಯದಲ್ಲಿ ಅಂಕ ಉತ್ತಮಪಡಿಸುವ ಪರೀಕ್ಷೆ ಇದೆಯೇ ಎಂದು ಕಾಲೇಜಿನಲ್ಲಿ ವಿಚಾರಿಸಿ. ಒಂದು ವರ್ಷ ಶಾಲೆಯಲ್ಲೋ ಪ್ರಯೋಗಾಲಯದಲ್ಲೋ ಕಚೇರಿಯಲ್ಲೋ ಆ ವಿಷಯಕ್ಕೆ ಸೇರಿದ ಕೆಲಸ ಮಾಡಿದರೆ ಅದೂ ಸಾಕ್ಷಿಯೇ. ಒಂದು ವರ್ಷ ತಡವಾದರೆ ನೆರೆಯವರು ಏನಂದಾರು ಎಂಬ ಚಿಂತೆ ಬೇಡ. ನೆರೆಯವರು ಅರ್ಜಿ ಓದುವುದಿಲ್ಲ.

ಮಾತು, ಕೆಲಸ, ಇವುಗಳ ನಂತರ ಬೇಕಾದದ್ದು ಬಲ್ಲವರ ಸಾಕ್ಷಿ. ಇಲ್ಲಿ ನಮ್ಮಂಥ ಗುರುಗಳಿಗೆಲ್ಲ ಪಾಲಕರಾದ ಸಂತ ಜಾನ್ ಮರಿಯ ವಿಯಾನಿಯವರ ನೆನಪಾಗುತ್ತದೆ. 1786ರಲ್ಲಿ ಫ್ರಾನ್ಸಿನ ರೈತ ಕುಟುಂಬದಲ್ಲಿ ಹುಟ್ಟಿದ ಅವರ ಬಾಲ್ಯದ ಓದು ಕ್ರಾಂತಿಯ ಗದ್ದಲದಲ್ಲಿ ಕೆಟ್ಟಿತು. 1813ರಲ್ಲಿ ಲಿಯೋನ್ ನಗರದ ಗುರುಮಠಕ್ಕೆ ಸೇರಿದಾಗ ಪಾಠವೆಲ್ಲ ಲ್ಯಾಟಿನ್ ಭಾಷೆಯಲ್ಲಿ. ಅದು ಅವರ ತಲೆಗೆ ಹತ್ತಲಿಲ್ಲ. ಕೆಲವೇ ತಿಂಗಳಲ್ಲಿ ಅವರನ್ನು ಮನೆಗೆ ಕಳುಹಿಸಿದರು. ಎಕುಲಿ ಎಂಬ ಊರಿನ ವಿಚಾರಣಾ ಗುರು ಬಾಲೆಯವರು ಮಾತ್ರ ಅವರ ಕೈ ಬಿಡಲಿಲ್ಲ. ತಮ್ಮ ಬಳಿ ಇರಿಸಿಕೊಂಡು ಅವರಿಗೆ ತಿಳಿಯುವ ಫ್ರೆಂಚ್ ಭಾಷೆಯಲ್ಲಿ ಪಾಠ ಹೇಳಿದರು, ಮೇಲಿನವರ ಬಳಿ ಅವರ ಪರವಾಗಿ ಮಾತನಾಡಿದರು. 1815ರ ಆಗಸ್ಟ್ 13ರಂದು ವಿಯಾನಿಯವರಿಗೆ ಗುರುದೀಕ್ಷೆಯಾಯಿತು. ಲ್ಯಾಟಿನ್‌ನಲ್ಲಿ ಸೋತ ಅದೇ ಗುರುವನ್ನು 1925ರಲ್ಲಿ ಧರ್ಮಸಭೆ ಸಂತರೆಂದು ಸಾರಿತು. ಪಾಠದ ಭಾಷೆ ಬೇರೆ, ಮನೆಯ ಭಾಷೆ ಬೇರೆ ಆದಾಗಿನ ಕಷ್ಟ ಈ ಸಂತರಿಗೆ ಚೆನ್ನಾಗಿ ಗೊತ್ತು.

ಬಾಲೆಯವರು ಕೇವಲ ಒಳ್ಳೆಯ ಮಾತು ಹೇಳಿದವರಲ್ಲ, ಪಾಠ ಹೇಳಿದವರು. ಅದಕ್ಕೇ ಅವರ ಮಾತಿಗೆ ಬೆಲೆ ಬಂತು. ಶಿಫಾರಸು ಪತ್ರ ಕೇಳುವಾಗ ಇದನ್ನು ನೆನಪಿಡಿ. ದೊಡ್ಡ ಹೆಸರಿನವರನ್ನೋ ಊರಿನ ನಾಯಕರನ್ನೋ ಹುಡುಕಬೇಡಿ. ನಿಮ್ಮ ಅಂಕ ಏರಿದ ವರ್ಷಗಳಲ್ಲಿ ನಿಮಗೆ ಪಾಠ ಮಾಡಿದವರನ್ನು ಕೇಳಿ. ಒಂದು ತಿಂಗಳು ಮೊದಲೇ ಕೇಳಿ. ಮೆಮೊಗಳ ಪ್ರತಿ, ನಿಮ್ಮ ಪತ್ರದ ಕರಡು, ಕೊನೆಯ ದಿನಾಂಕ ಬರೆದು ಕೊಡಿ. "ಸಾರ್, ಮೊದಲ ವರ್ಷದ ಅಂಕದ ಬಗ್ಗೆ ನಿಮಗೆ ತಿಳಿದದ್ದನ್ನು ಎರಡು ಮಾತು ಬರೆಯುತ್ತೀರಾ?" ಎಂದು ಕೇಳಲು ನಾಚಿಕೆ ಬೇಡ. ನೀವು ಹೇಳಿದರೆ ವಿವರಣೆಯಾಗುವ ಮಾತು ಅವರು ಹೇಳಿದರೆ ಸಾಕ್ಷಿಯಾಗುತ್ತದೆ. ಶಿಫಾರಸಿಗೆಂದು ಗುರುಗಳ ಬಳಿಗೆ ಬರುವವರಿಗೂ ಒಂದು ಮಾತು. ನಾವು ಸಂತೋಷದಿಂದ ಬರೆದು ಕೊಡುತ್ತೇವೆ. ಆದರೆ ನಮ್ಮ ಪತ್ರ ನಿಮ್ಮ ನಡತೆಗೆ ಸಾಕ್ಷಿಯಾದೀತು, ರಸಾಯನಶಾಸ್ತ್ರಕ್ಕೆ ಸಾಕ್ಷಿಯಾಗದು.

ಇನ್ನು ಅಡ್ಡದಾರಿಯ ವಿಷಯ. ಅಂಕ ಕಡಿಮೆ ಇರುವ ಮಕ್ಕಳನ್ನು ಹುಡುಕಿಕೊಂಡು ಬರುವವರಿದ್ದಾರೆ. ಮೆಮೊ ತಿದ್ದಿ ಕೊಡುತ್ತೇವೆ, ಅನುಭವ ಪತ್ರ ಮಾಡಿಸಿ ಕೊಡುತ್ತೇವೆ, ಅಂಕ ಕೇಳದ ಕಾಲೇಜು ನಮಗೆ ಗೊತ್ತು ಎನ್ನುತ್ತಾರೆ. 2019ರ ಜನವರಿಯಲ್ಲಿ ಅಮೆರಿಕದಲ್ಲಿ ನಡೆದದ್ದನ್ನು ಮರೆಯಬಾರದು. ಫಾರ್ಮಿಂಗ್ಟನ್ ಎಂಬ ಹೆಸರಿನ ವಿಶ್ವವಿದ್ಯಾಲಯವನ್ನು ಅಲ್ಲಿನ ಅಧಿಕಾರಿಗಳೇ ಬಲೆಯಾಗಿ ಹೂಡಿದ್ದರು. ಅಲ್ಲಿ ತರಗತಿಗಳೇ ಇರಲಿಲ್ಲ. ಆಗ ಬಂಧನಕ್ಕೊಳಗಾದ ವಿದ್ಯಾರ್ಥಿಗಳಲ್ಲಿ 129 ಮಂದಿ ಭಾರತೀಯರು, ಅವರಲ್ಲಿ ತೆಲುಗು ನಾಡಿನ ಮಕ್ಕಳು ಬಹಳ. ಜರ್ಮನಿಗೆ ಹೋಗುವ ಭಾರತೀಯ ವಿದ್ಯಾರ್ಥಿಗಳ ದಾಖಲೆಗಳನ್ನು 2022ರ ನವೆಂಬರ್‌ನಿಂದ ಎಪಿಎಸ್ ಎಂಬ ಸಂಸ್ಥೆ ಪರಿಶೀಲಿಸಿ ಪ್ರಮಾಣಪತ್ರ ಕೊಡಬೇಕು. ಕಡಿಮೆ ಅಂಕದ ನಿಜವಾದ ಮೆಮೊ ಒಂದು ಬಾಗಿಲನ್ನು ಮುಚ್ಚಬಹುದು. ಸುಳ್ಳು ಮೆಮೊ ಎಲ್ಲ ಬಾಗಿಲುಗಳನ್ನೂ ಮುಚ್ಚುತ್ತದೆ. ಅದಕ್ಕಾಗಿ ಮಾರಿದ ಹೊಲ ತಿರುಗಿ ಬರುವುದಿಲ್ಲ.

ಕೊನೆಯದಾಗಿ ತಂದೆತಾಯಿಗಳಿಗೆ. ನಾರಾಯಣಪೇಟೆಯ ನೇಕಾರರು ಮಗ್ಗಕ್ಕೆ ಒಮ್ಮೆ ಹಾಸು ಹೂಡಿದರೆ ಒಂದರ ಹಿಂದೆ ಒಂದು ಎಂಟು ಸೀರೆ ನೇಯುವುದುಂಟು. ಮೊದಲ ಸೀರೆಯಲ್ಲಿ ಎಳೆ ತಪ್ಪಿತೆಂದು ಯಾರೂ ಹಾಸನ್ನೇ ಕತ್ತರಿಸಿ ಎಸೆಯುವುದಿಲ್ಲ. ಕಡಿದ ಎಳೆಯನ್ನು ಗಂಟು ಹಾಕಿ ಮುಂದೆ ನೇಯುತ್ತಾರೆ. ಗಂಟು ಹಾಕಿದ ಜಾಗ ಕೈಯಾಡಿಸಿದರೆ ತಿಳಿಯುತ್ತದೆ, ಆದರೂ ಸೀರೆ ಸೀರೆಯೇ. ಮಗ್ಗದ ಮುಂದೆ ನಮಗಿರುವ ತಾಳ್ಮೆ ಮಕ್ಕಳ ಮುಂದೆಯೂ ಇರಲಿ. "ಅವರ ಮಗಳನ್ನು ನೋಡು" ಎಂಬ ಮಾತನ್ನು ಊಟಕ್ಕೆ ಕೂತಾಗ ಆಡಬೇಡಿ. ಮಗ ಮೆಮೊವನ್ನು ತಾನಾಗಿಯೇ ತಂದು ತೋರಿಸಿದ ದಿನ ಬೈಯಬೇಡಿ. ಮನೆಯಲ್ಲಿ ಸತ್ಯ ಹೇಳಿ ಪೆಟ್ಟು ತಿಂದವನು ಅರ್ಜಿಯಲ್ಲಿ ಸತ್ಯ ಬರೆಯಲು ಹೆದರುತ್ತಾನೆ. ಮನೆಯಲ್ಲಿ ಹೇಳಿ ಹಗುರಾದವನು ಎಲ್ಲಿಯೂ ಹೇಳಬಲ್ಲ.

ಈ ವರ್ಷ ಅರ್ಜಿ ಹಾಕುವ ಮಕ್ಕಳು ಆರೂ ಸೆಮಿಸ್ಟರ್‌ಗಳ ಮೆಮೊಗಳನ್ನು ಹಿಡಿದುಕೊಂಡು ಭಾನುವಾರದ ಬಲಿಪೂಜೆಯ ನಂತರ ತಮ್ಮ ಗುರುಗಳನ್ನೋ ಧರ್ಮಭಗಿನಿಯರನ್ನೋ ಕಾಣಿರಿ. ಒಟ್ಟಿಗೆ ಕೂತು ಒಂದು ಹಾಳೆಯಲ್ಲಿ ಮೂರು ವಿಷಯ ಬರೆಯೋಣ: ಯಾವ ಬಾಗಿಲಲ್ಲಿ ಗೆರೆ ಎಷ್ಟು, ನಮ್ಮ ಅಂಕ ಎಷ್ಟು, ಮುಂದಿನ ಆರು ತಿಂಗಳಲ್ಲಿ ಮಾಡಬಹುದಾದ ಕೆಲಸ ಯಾವುದು. ಪತ್ರದ ಆ ಐದು ವಾಕ್ಯಗಳನ್ನು ಆಮೇಲೆ ಬರೆಯೋಣ. ಓದಿನಲ್ಲಿ ಎಡವಿದವರ ಕಷ್ಟ ಬಲ್ಲ ಸಂತ ವಿಯಾನಿಯವರು ನಮ್ಮ ಮಕ್ಕಳಿಗಾಗಿ ಪ್ರಾರ್ಥಿಸಲಿ. ಪ್ರಭು ನಿಮ್ಮೆಲ್ಲರನ್ನೂ ಹರಸಲಿ.